ಸ್ಪಷ್ಟನೆ: ಆಟೋಮ್ಯಾಟಿಕ್ ಪಿಕಪ್‌ಗೆ ಗೇರ್ ಆಯಿಲ್ ಸುರಿಯಬೇಡಿ

ವಿಜಯಪುರ, ಬಾಗಲಕೋಟೆ ಕಡೆಯ ಪಿಕಪ್ ಚಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ಆಟೋಮ್ಯಾಟಿಕ್ ಗಾಡಿ ಗೇರ್ ಬದಲಿಸುವಾಗ ಜಗ್ಗಿದರೆ ಆಯಿಲ್ ಕಡಿಮೆಯಾಗಿದೆ, ಅರ್ಧ ಲೀಟರ್ ಗೇರ್ ಆಯಿಲ್ ಹಾಕಿ.’ ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಮ್ಯಾನ್ಯುವಲ್ ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗೆ ಹಾಕುವ ಗೇರ್ ಆಯಿಲ್ ದಪ್ಪ. ಆಟೋಮ್ಯಾಟಿಕ್‌ನಲ್ಲಿ ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಎಂಬ ತೆಳು ಆಯಿಲ್ ಒತ್ತಡದಲ್ಲಿ, ಆಯಿಲನ್ನು ಬೇಕಾದ ಕಡೆ ತಿರುಗಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಹರಿದು ಕ್ಲಚ್‌ಗಳನ್ನು ಹಿಡಿಸುತ್ತದೆ. ದಪ್ಪ ಆಯಿಲ್ ಬೆರೆತರೆ ಕ್ಲಚ್ ಜಾರಿ ಸುಡಬಹುದು. ಸರಿಯಾದ ಎಟಿಎಫ್ ಕೂಡ ಅಳತೆ ಮೀರಿದರೆ ನೊರೆಯೆದ್ದು ಒತ್ತಡ ಬೀಳುತ್ತದೆ.

ಜಗ್ಗುವುದಕ್ಕೆ ಸ್ಪೀಡ್ ಸೆನ್ಸರ್, ಸೊಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್), ಸಡಿಲ ಕನೆಕ್ಟರ್, ಹರಿದ ಮೌಂಟ್ (ಗೇರ್‌ಬಾಕ್ಸ್ ಹಿಡಿದಿಡುವ ರಬ್ಬರ್ ಆಸರೆ) ಸಹ ಕಾರಣವಾಗಬಹುದು. ಆದ್ದರಿಂದ ಮೊದಲು ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿಸಿ. ಪಿ0700 ಕೋಡ್ ಬಂದರೆ ಗೇರ್‌ಬಾಕ್ಸ್ ಹೋಯಿತೆಂದು ಹೆದರಬೇಡಿ. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಬೇರೊಂದು ಕೋಡ್ ಇದೆ ಎಂಬ ಸೂಚನೆ ಅಷ್ಟೇ ಅದು, ಆ ಕೋಡನ್ನೂ ಓದಿಸಬೇಕು. ಹಲವು ಹೊಸ ಪಿಕಪ್‌ಗಳಲ್ಲಿ ಎಟಿಎಫ್ ಮಟ್ಟ ನೋಡುವ ಡಿಪ್‌ಸ್ಟಿಕ್ಕೇ ಇಲ್ಲ. ಅಂಥ ಗಾಡಿಯನ್ನು ಸಮತಟ್ಟಾಗಿಟ್ಟು, ಎಂಜಿನ್ ಚಾಲೂ ಇದ್ದಾಗ, ಆಯಿಲ್ ಕೈಪಿಡಿಯಲ್ಲಿ ಹೇಳಿದಷ್ಟು ಬಿಸಿಯಾದ ಮೇಲೆ ಓವರ್‌ಫ್ಲೋ ಪ್ಲಗ್ (ಹೆಚ್ಚಾದ ಆಯಿಲ್ ಹೊರಬರುವ ತೂತಿನ ಬಿರಡೆ) ಬಿಚ್ಚಿ ಮಟ್ಟ ನೋಡಬೇಕು.

ಈಗಾಗಲೇ ಗೇರ್ ಆಯಿಲ್ ಸುರಿದಿದ್ದರೆ ಎಂಜಿನ್ ಚಾಲೂ ಮಾಡದೆ ಗಾಡಿಯನ್ನು ಫ್ಲಾಟ್‌ಬೆಡ್ (ಗಾಡಿ ಹೊತ್ತೊಯ್ಯುವ ಲಾರಿ) ಮೇಲೆ ಗ್ಯಾರೇಜಿಗೆ ಒಯ್ಯಿರಿ. ಓಡಿಸಿಬಿಟ್ಟಿದ್ದರೆ ಒಂದು ಸಲ ಡ್ರೈನ್ ಮಾಡಿದರೆ ಸಾಲದು, ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೂ ಆಯಿಲ್ ಉಳಿದಿರುತ್ತದೆ.