ಗಣಪತಿಗೆ ಕೊಟ್ಟ ಜೂನ್ 19

ಕಳೆದ ವರ್ಷ, ಎಂದರೆ 2025ರಲ್ಲಿ, ಹ್ಯೂಸ್ಟನ್ನಿನ ನಮ್ಮ ಕಚೇರಿಯ ರಜೆಯ ಲೆಕ್ಕದಲ್ಲಿ ನಾನೊಂದು ಅದಲುಬದಲು ಮಾಡಿಕೊಂಡೆ. ಜೂನ್ 19ರ ಗುರುವಾರದ ರಜೆಯನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಆಗಸ್ಟ್ 27ರ ಬುಧವಾರವನ್ನು ಪಡೆದುಕೊಂಡೆ. ಅಂದು ಗಣೇಶ ಚೌತಿ. ಇಂಥ ರಜೆಗೆ ಇಲ್ಲಿಯವರು ಫ್ಲೋಟಿಂಗ್ ಹಾಲಿಡೇ ಎನ್ನುತ್ತಾರೆ. ಕಡುಬಿನ ಹೂರಣವನ್ನು ಭಾನುವಾರಕ್ಕೆ ಮುಂದೂಡುವ ಅವಸ್ಥೆ ಆ ವರ್ಷ ತಪ್ಪಿತೆಂಬ ಸಮಾಧಾನದಲ್ಲಿ, ಜೂನ್ 19ರಂದು ಅರ್ಧ ಖಾಲಿಯಾಗಿದ್ದ ಕಚೇರಿಯಲ್ಲಿ ಕುಳಿತು ಕೆಲಸ ಮುಗಿಸಿದೆ. ಮರುದಿನ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ಈ ಊರಿನ ಥರ್ಡ್ ವಾರ್ಡಿನಲ್ಲಿಯೇ ಹುಟ್ಟಿ ಬೆಳೆದ ಕಪ್ಪು ಜನಾಂಗದ ಮಹಿಳೆ, ಹಬ್ಬದ ಕೆಂಪು ಕೇಕಿನ ತುಂಡೊಂದನ್ನು ತಂದುಕೊಟ್ಟು, ನನ್ನ ಅದಲುಬದಲಿನ ಕಥೆಯನ್ನು ಕೇಳಿದ ಮೇಲೆ ನಗುತ್ತಲೇ ಅಂದರು: "ನಿಮ್ಮ ದೇವರಿಗೆ ನನ್ನ ದಿನವೇ ಬೇಕಾಯಿತೇ?"

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆದರೂ ಕೇಕು ಗಂಟಲಲ್ಲಿ ಇಳಿಯಲಿಲ್ಲ.

ಅಮೆರಿಕದ ಅಂತರ್ಯುದ್ಧ ಮುಗಿದು ಎರಡು ತಿಂಗಳಾದ ಮೇಲೆ, 1865ರ ಜೂನ್ 19ರಂದು, ಇಲ್ಲಿಂದ ಗಂಟೆಯ ದಾರಿಯಲ್ಲಿರುವ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ತನ್ನ ಮೂರನೆಯ ಆದೇಶವನ್ನು ಹೊರಡಿಸಿ, ಟೆಕ್ಸಸ್ಸಿನ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರಿದ. ಗುಲಾಮರ ಬಿಡುಗಡೆಯನ್ನು ಸಾರಿದ ಅಧ್ಯಕ್ಷ ಲಿಂಕನ್ನರ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಸುಮಾರು ಎರಡೂವರೆ ಲಕ್ಷ ಜನರ ಪಾಲಿಗೆ ಅದು ನಿಜವಾಗಲು ಎರಡೂವರೆ ವರ್ಷ ಹಿಡಿಯಿತು. ಹತ್ತಿಯ ಸುಗ್ಗಿ ಮುಗಿಯಲಿ ಎಂದು ಅದಾದ ಮೇಲೂ ಸುದ್ದಿಯನ್ನು ಬಚ್ಚಿಟ್ಟ ಧಣಿಗಳಿದ್ದರು. ಆ ಆದೇಶವನ್ನು ಓದಿದವರಿಗೆ ಅದರ ಕೊನೆಯ ಸಾಲುಗಳು ಕಹಿಯೆನಿಸದೆ ಇರುವುದಿಲ್ಲ. ಬಿಡುಗಡೆಯಾದವರು ಈಗಿರುವ ಮನೆಗಳಲ್ಲೇ ಸದ್ದಿಲ್ಲದೆ ಇದ್ದು ಕೂಲಿಗೆ ದುಡಿಯಬೇಕು, ಸುಮ್ಮನೆ ಕೂರುವವರನ್ನು ಸಾಕಲಾಗುವುದಿಲ್ಲ ಎಂಬ ಬುದ್ಧಿವಾದ ಅಲ್ಲಿದೆ. ಬಿಡುಗಡೆ ಕೊಟ್ಟ ಕಾಗದವೇ ರಜೆ ಕೊಡಲಿಲ್ಲ ಎಂದಾಯಿತು. 160 ವರ್ಷಗಳಾದ ಮೇಲೂ ಆ ದಿನ ಮನೆಯಲ್ಲಿರಬೇಕೋ ಕಚೇರಿಗೆ ಬರಬೇಕೋ ಎಂಬುದನ್ನು ಇಲ್ಲಿ ಮಾಲೀಕನೇ ತೀರ್ಮಾನಿಸುತ್ತಾನೆ.

ಜೂನ್‌ಟೀನ್ತ್ ಎಂಬ ಈ ದಿನ 2021ರಲ್ಲಿ ರಾಷ್ಟ್ರೀಯ ರಜೆಯಾಯಿತಲ್ಲ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಆಯಿತು, ಆದರೆ ಕೇಂದ್ರ ಸರ್ಕಾರದ ನೌಕರರಿಗೆ ಮಾತ್ರ. ಇಲ್ಲಿ ಖಾಸಗಿ ಸಂಸ್ಥೆಯೊಂದು ಯಾವುದೇ ಹಬ್ಬಕ್ಕೆ, ಅದು ಜುಲೈ 4ರ ಸ್ವಾತಂತ್ರ್ಯ ದಿನವೇ ಆಗಿರಲಿ, ಸಂಬಳಸಹಿತ ರಜೆ ಕೊಡಲೇಬೇಕೆಂದು ಹೇಳುವ ಕೇಂದ್ರ ಕಾನೂನಿಲ್ಲ. ಹ್ಯೂಸ್ಟನ್ನಿನ ಶಾಸಕ ಆಲ್ ಎಡ್ವರ್ಡ್ಸ್ ಅವರ ಪ್ರಯತ್ನದಿಂದ ಟೆಕ್ಸಸ್ ರಾಜ್ಯ 1980ರಿಂದಲೇ ಈ ದಿನವನ್ನು ಆಚರಿಸುತ್ತಿದೆ. ಅದೂ ಕಚೇರಿಗಳು ಅರೆಬರೆ ಸಿಬ್ಬಂದಿಯೊಡನೆ ತೆರೆದಿರುವ ಬಗೆಯ ರಜೆ. ಅದೇ ಬಗೆಯ ಇನ್ನೊಂದು ರಜೆ ಜನವರಿ 19ರಂದು ಬರುತ್ತದೆ, ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ವೀರರ ನೆನಪಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆ ಪಟ್ಟಿಯನ್ನು ಮೊದಲ ಸಲ ನೋಡಿದಾಗ ಮುದ್ರಣದೋಷವೆಂದೇ ಭಾವಿಸಿದ್ದೆ.

ಇಂಥ ಹೊತ್ತಿನಲ್ಲಿ ನನಗೆ ಪೀಣ್ಯ ನೆನಪಾಗುತ್ತದೆ. 1992ರಲ್ಲಿ ಅಲ್ಲಿನ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಮಾಲೀಕರಿಗೆ ಕನ್ನಡ ಬರುತ್ತಿರಲಿಲ್ಲ, ರಾಜ್ಯೋತ್ಸವದ ಮೇಲೆ ಪ್ರೀತಿಯೂ ಇರಲಿಲ್ಲ, ತುರ್ತಾಗಿ ಕಳಿಸಬೇಕಾದ ಮಾಲು ಬೇರೆ ಬಾಕಿಯಿತ್ತು. ಆದರೂ ನವೆಂಬರ್ 1ರಂದು ಗೇಟಿಗೆ ಬೀಗ ಬಿತ್ತು, ಸಂಬಳ ಕಡಿತವಾಗಲಿಲ್ಲ, ಏಕೆಂದರೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ರಾಜ್ಯದಲ್ಲಿ 1963ರ ಕಾಯ್ದೆಯೊಂದಿದೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಮುಂತಾದ ದಿನಗಳಲ್ಲಿ ಕೆಲಸ ಮಾಡಿಸಿಕೊಂಡರೆ ಹೆಚ್ಚಿನ ಸಂಬಳವನ್ನೋ ಬದಲಿ ರಜೆಯನ್ನೋ ಕೊಟ್ಟು ತೀರಿಸಬೇಕು. ನಮ್ಮಲ್ಲಿ ರಜೆ ಜಾಸ್ತಿಯಾಯಿತೆಂದು, ಜಯಂತಿಗೊಂದು ರಜೆಯೇಕೆಂದು ಗೊಣಗುವವರು ಬಹಳ. ಊರಿನಲ್ಲಿದ್ದಾಗ ನಾನೂ ಗೊಣಗಿದವನೇ. ಇಲ್ಲಿಗೆ ಬಂದ ಮೇಲೆ ತಿಳಿದದ್ದೇನೆಂದರೆ, ಯಾರ ಕೃಪೆಯೂ ಇಲ್ಲದೆ ಬರುವ ರಜೆಯಲ್ಲಿ ಒಂದು ಗೌರವವಿರುತ್ತದೆ. ಆ ದಿನವನ್ನು ನಾವು ನಿದ್ದೆಯಲ್ಲಿ ಕಳೆದರೂ ಅದು ನಮ್ಮದೇ ನಿದ್ದೆ. ಜೂನ್ 19ನ್ನು ಚೌತಿಯೊಡನೆ ಬದಲಾಯಿಸಿಕೊಳ್ಳುವ ಅವಕಾಶವನ್ನು ನನಗೆ ಕೊಟ್ಟ ವ್ಯವಸ್ಥೆ ಉದಾರವಾಗಿ ಕಾಣುತ್ತದೆ, ಆದರೆ ಬಿಡುಗಡೆಯ ದಿನವನ್ನು ಅದು ಕೂಪನ್ನಿನ ಮಟ್ಟಕ್ಕೆ ಇಳಿಸಿತು, ಆ ಕೂಪನ್ನನ್ನು ಹರಿದವನು ನಾನು.

ಇಷ್ಟನ್ನು ಆ ಸಹೋದ್ಯೋಗಿಗೆ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, "ಹಾಗಾದರೆ ನಿಮ್ಮಲ್ಲಿ ಇಂಥ ದಿನ ಯಾವುದು?" ಎಂದರು. ಆಗಸ್ಟ್ 15 ಎಂದೆ. ಅದು ಬ್ರಿಟಿಷರಿಂದ ಬಿಡುಗಡೆಯಾದ ದಿನವಲ್ಲವೇ, ನಿಮ್ಮ ನಿಮ್ಮಲ್ಲೇ ಯಾರೂ ಯಾರನ್ನೂ ಇಟ್ಟುಕೊಂಡಿರಲಿಲ್ಲವೇ ಎಂದು ಕೇಳಿದಾಗ ನಾನು ಮೀಟಿಂಗಿನ ನೆಪ ಹೇಳಿ ಎದ್ದೆ.

ಇಟ್ಟುಕೊಂಡಿದ್ದೆವು. ಹಾಸನದ ಕಡೆಯ ನಮ್ಮ ತಾತನ ಮನೆಯಲ್ಲೇ ಒಬ್ಬರಿದ್ದರು. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತಕ್ಕೆ ಬಂದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ನಾವು ಮಕ್ಕಳು ಏಕವಚನದಲ್ಲಿ ಕೂಗುತ್ತಿದ್ದೆವು. ನಮ್ಮ ಮನೆಯಲ್ಲಿ ಜೀತದ ಲೆಕ್ಕ ಯುಗಾದಿಯಿಂದ ಯುಗಾದಿಗೆ. ನಮಗೆ ಹಬ್ಬವಾಗಿದ್ದ ದಿನ ಅವರಿಗೆ ಇನ್ನೊಂದು ವರ್ಷದ ಕರಾರು. ಜೀತ ಪದ್ಧತಿಯನ್ನು ಸುಗ್ರೀವಾಜ್ಞೆಯ ಮೂಲಕ ದೇಶದಾದ್ಯಂತ ರದ್ದುಗೊಳಿಸಿ, ಜೀತದ ಸಾಲಗಳೆಲ್ಲ ಮುಗಿದವೆಂದು ಸಾರಿದ್ದು 1975ರ ಅಕ್ಟೋಬರಿನಲ್ಲಿ; ಮರುವರ್ಷ ಅದು ಕಾಯ್ದೆಯಾಯಿತು. ಆ ತಾರೀಕು 25 ಎಂಬುದನ್ನು ನಾನು ತಿಳಿದುಕೊಂಡದ್ದು ಕಳೆದ ವರ್ಷ, ಹ್ಯೂಸ್ಟನ್ನಿನಲ್ಲಿ ಕುಳಿತು, ಆ ಪ್ರಶ್ನೆಯ ನಂತರ. ಇಲ್ಲಿನವರು ರಜೆ ಸಿಗದ ಕಾಲದಲ್ಲೂ ತಮ್ಮ ತಾರೀಕನ್ನು ಬಿಡಲಿಲ್ಲ. ಬಿಡುಗಡೆಯಾದವರು 1872ರಲ್ಲಿ ಹಣ ಕೂಡಿಸಿ, ಈ ಹಬ್ಬಕ್ಕೆಂದೇ 10 ಎಕರೆ ಜಾಗ ಕೊಂಡರು. ನನ್ನ ಸಹೋದ್ಯೋಗಿ ಪ್ರತಿವರ್ಷ ಹೋಗುವ ಎಮ್ಯಾನ್ಸಿಪೇಶನ್ ಪಾರ್ಕ್ ಅದೇ. ನಾನು ಹೊಗಳಿದ ನಮ್ಮ ರಜೆಯ ಕಾಯ್ದೆಯಾದರೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಅನ್ವಯವಾಗುವಂಥದು. ತಾತನ ಕೊಟ್ಟಿಗೆಯಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಇಷ್ಟವಿಲ್ಲದಿದ್ದರೂ ಒಪ್ಪಿಕೊಳ್ಳದೆ ದಾರಿಯಿಲ್ಲ.

ಆ ಭಾನುವಾರ ಊರಿಗೆ ಫೋನು ಮಾಡಿದಾಗ ಅಮ್ಮನನ್ನು ಕೇಳಿದೆ: ಕಾನೂನು ಬಂದ ಸುದ್ದಿಯನ್ನು ತಾತ ಅವರಿಗೆ ಯಾವಾಗ ಹೇಳಿದರು? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾರೂ ಹೇಳಲಿಲ್ಲ ಕಣೋ," ಎಂದರು. "ಆಮೇಲೆ ಒಂದು ಯುಗಾದಿಗೆ ಅವನೇ ಬರಲಿಲ್ಲ. ನಿಮ್ಮ ತಾತ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳದೆ ಮಧ್ಯಾಹ್ನದವರೆಗೂ ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದರು."