ಅಪರಿಚಿತರಿಗಾಗಿ ಪ್ರಾರ್ಥಿಸಲು ಯಾರ ಅಪ್ಪಣೆ ಬೇಕು?

ಬೇಸಿಗೆಯಲ್ಲಿ ಊರಿಗೆ ಹೋದಾಗ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿದ್ದ ಅತ್ತೆಯನ್ನು ನೋಡಲು ಹೋಗಿದ್ದೆ. ಪಕ್ಕದ ಮಂಚದಲ್ಲಿ ನವಲಗುಂದ ಕಡೆಯ ಅಜ್ಜಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. "ಅವ್ವಾ, ನಿಮಗೋಸ್ಕರ ಪ್ರಾರ್ಥನಾ ಮಾಡ್ಲ್ಯಾ?" ಎಂದೆ. ಆಕೆ ಉತ್ತರಿಸುವ ಮೊದಲೇ ನಮ್ಮ ಕಾಕಾ, "ಸುಮ್ನಿರವಾ, ಅಯ್ಯನವರು ಬರ್ತಾರ. ಊರ ಉಸಾಬರಿ ನಿನಗ್ಯಾಕ?" ಅಂದುಬಿಟ್ಟರು. ಅಯ್ಯನವರೆಂದರೆ ನಮ್ಮ ಚರ್ಚಿನ ಪಾದ್ರಿ. ಮುಂಬೈ ರೈಲು ಹತ್ತಿದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ಏಕೆಂದರೆ ಇಲ್ಲಿ ನಾನು ಕಲಿತದ್ದೇ ಬೇರೆ. ಡೊಂಬಿವಲಿಯಿಂದ ಹೊರಡುವ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ಹೆಸರು ಕೇಳುವ ಮೊದಲೇ ರೋಗದ ಮಾತು ಬರುತ್ತದೆ. ಒಮ್ಮೆ ಗಂಡನ ಫೈಲು ಹಿಡಿದು ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೊರಟಿದ್ದ ಮರಾಠಿ ಹೆಂಗಸು ನನ್ನ ಕೈಯಲ್ಲಿದ್ದ ಸತ್ಯವೇದ (ಬೈಬಲ್) ಕಂಡು, "ತುಮ್ಚ್ಯಾ ಯೇಶೂಲಾ ಸಾಂಗಾ ನಾ" ಎಂದಳು. ನಿಮ್ಮ ಯೇಸುವಿಗೆ ಹೇಳಿ ಅಂತ. ಅವಳ ಕೈಹಿಡಿದು, ಘಾಟ್ಕೋಪರ್ ಬಿಟ್ಟು ಕುರ್ಲಾ ಬರುವಷ್ಟರಲ್ಲಿ ಪ್ರಾರ್ಥಿಸಿದೆ. ಸುತ್ತ ನಿಂತವರಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಒಬ್ಬಾಕೆ ತನ್ನ ಮಗಳ ಹೆಸರನ್ನೂ ಸೇರಿಸಿ ಎಂದಳು.

ಬುಧವಾರಗಳಂದು ಮಾಹೀಮಿನ ಸಂತ ಮೈಕೇಲರ ಚರ್ಚಿಗೆ ಹೋಗಿ ನೋಡಿ. 1948ರಿಂದ ನಡೆದುಬಂದ ನೊವೆನಾ, ಅಂದರೆ ಕ್ಯಾಥೊಲಿಕರ ಬೇಡಿಕೆಯ ಪ್ರಾರ್ಥನೆ, ಅದು. ಕುಂಕುಮವಿಟ್ಟವರು, ಬುರ್ಖಾ ತೊಟ್ಟವರು, ಎಲ್ಲರೂ ಸಾಲಿನಲ್ಲಿರುತ್ತಾರೆ. ಪ್ರಾಟೆಸ್ಟೆಂಟರ ಬಾಸೆಲ್ ಮಿಶನ್ನಿನ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದ ನನಗೆ ಮೇಣದ ಕೈಕಾಲುಗಳನ್ನು ಒಪ್ಪಿಸುವ ಹರಕೆ ಇವತ್ತಿಗೂ ಒಗ್ಗಿಲ್ಲ. ಆದರೆ ಗುರುತಿಲ್ಲದವರು ಬರೆದ ಬೇಡಿಕೆಗಳಿಗಾಗಿ ಅಷ್ಟು ಜನ ಒಟ್ಟಿಗೆ ಪ್ರಾರ್ಥಿಸುವುದನ್ನು ಕಂಡಾಗ ನಮ್ಮೂರಿನ ಅಚ್ಚುಕಟ್ಟಾದ ಆರಾಧನೆ ನನಗೆ ಬಾಗಿಲು ಹಾಕಿಕೊಂಡ ಮನೆಯಂತೆ ಕಾಣುತ್ತದೆ.

ಕಾಕಾನ ಬಳಿ ಸತ್ಯವೇದದ ವಚನ ಇಲ್ಲದಿಲ್ಲ. ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಎರಡೇ ವಚನ ಕೆಳಗೆ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದೂ ಇದೆಯಲ್ಲ! ಅಲ್ಲಿ ಅಯ್ಯನವರ ಮಾತಿಲ್ಲ. ಯೆರೂಸಲೇಮಿನ ಬೇತ್ಸಥಾ ಕೊಳದ ಬಳಿ ಮಲಗಿದ್ದ, 38 ವರ್ಷದಿಂದ ರೋಗಿಯಾಗಿದ್ದವನನ್ನು ಯೇಸು ಮೊದಲು ಕೇಳಿದ್ದು, ಗುಣವಾಗಲು ನಿನಗೆ ಮನಸ್ಸಿದೆಯೇ ಎಂದು. ಎದ್ದು ಹಾಸಿಗೆ ಹೊತ್ತು ನಡೆದವನಿಗೆ ತನ್ನನ್ನು ವಾಸಿಮಾಡಿದವನು ಯಾರೆಂದೂ ಗೊತ್ತಿರಲಿಲ್ಲ. ಯೇಸುವಿಗೆ ಸಾಕ್ಷಿಯಾಗುವುದು ಎಂದರೆ ನನಗೆ ಇದು. ಕೇಳಬೇಕು, ಒಪ್ಪಿದರೆ ಪ್ರಾರ್ಥಿಸಬೇಕು, ಬೇಡವೆಂದರೆ ನಮಸ್ಕಾರ ಹೇಳಿ ಬರಬೇಕು. ಗುಳಿಗೆ ಬಿಡಿ ಎನ್ನುವುದು, ಭಾನುವಾರ ಸಭೆಗೆ ಬನ್ನಿ ಎಂದು ಬೆನ್ನುಹತ್ತುವುದು ಪ್ರಾರ್ಥನೆಯಲ್ಲ, ವಸೂಲಿ.

ಊರಿನವರ ಅಂಜಿಕೆ ಸುಳ್ಳಲ್ಲ ಎಂಬುದನ್ನೂ ಹೇಳಲೇಬೇಕು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದಮೇಲೆ, ಮಂಚದ ಪಕ್ಕ ಕಣ್ಣುಮುಚ್ಚಿ ನಿಂತವರನ್ನು ಯಾರು ಹೇಗೆ ನೋಡುತ್ತಾರೋ ಎಂಬ ಭಯ ಕಾಕಾನಂಥವರಿಗಿದೆ. ಅದೂ ಅಲ್ಲದೆ ಗದಗ-ಬೆಟಗೇರಿಯ ಬಾಸೆಲ್ ಮಿಶನ್ನಿನ ಜರ್ಮನ್ ದವಾಖಾನೆಯಲ್ಲಿ ಜಾತಿ ಕೇಳದೆ ಹುಣ್ಣು ತೊಳೆದವರ ಪರಂಪರೆ ನಮ್ಮದು. ಅದೇ ಕಾಕಾನ ಮನೆಯಿಂದ ಅತ್ತೆಯ ಮಂಚಕ್ಕೆ ಎರಡು ಹೊತ್ತೂ ಗಂಜಿ ಹೋಗುತ್ತಿತ್ತು, ರಾತ್ರಿ ಸರದಿಯಲ್ಲಿ ಜನ ಕೂಡುತ್ತಿದ್ದರು. ಲೋಕಲ್‌ನಲ್ಲಾದರೋ ಪ್ರಾರ್ಥನೆ ಮುಗಿಯುತ್ತಲೇ ಸ್ಟೇಷನ್ ಬರುತ್ತದೆ, ಆಮೇಲೆ ಅವರಾರೋ ನಾವಾರೋ.

ಟಾಟಾ ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲೇ ದಿನ ಕಳೆಯುವ ರೋಗಿಗಳ ಮನೆಯವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ, ಮರಾಠಿ ಬಾರದೆ ಒದ್ದಾಡುತ್ತಾರೆ. ಇಲ್ಲಿನ ನಮ್ಮ ಕನ್ನಡ ಸಭೆಯ ಸ್ತ್ರೀಯರಲ್ಲಿ ನಾನು ಕೇಳಿಕೊಂಡಿದ್ದೇನೆ: ವಾರಕ್ಕೊಮ್ಮೆ ಅಲ್ಲಿಗೆ ಹೋಗೋಣ, ಮೊದಲು ಕೇಸ್ ಪೇಪರ್ ಓದಿ ಹೇಳೋಣ, ಡಾಕ್ಟರ್ ಹತ್ತಿರ ಜೊತೆಗೆ ನಿಲ್ಲೋಣ, ಆಮೇಲೆ ಪ್ರಾರ್ಥನೆ ಬೇಕೇ ಎಂದು ಕೇಳೋಣ.