ಬಿದ್ದದ್ದಲ್ಲ, ಇಳಿಸಿದ್ದು

2023ರ ಮೇ 30. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ತರಬೇತಿ ವಿಮಾನಕ್ಕೆ ತಾಂತ್ರಿಕ ತೊಂದರೆ ಬಂತು. ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಸಿದರು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ ಅಷ್ಟೇ. ಅವತ್ತು ನನ್ನ ಫೋನಿಗೆ ಬಂದ ಮೆಸೇಜುಗಳಲ್ಲಿ ಮಾತ್ರ "ವಿಮಾನ ಬಿತ್ತಂತೆ" ಅಂತಲೇ ಇತ್ತು. ಆ ಒಂದು ಪದ ನನಗೆ ಇವತ್ತಿಗೂ ಚುಚ್ಚುತ್ತದೆ.

ಇಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ತೇಲುತ್ತದೆ. ತರಬೇತಿಗೆ ಜಾಸ್ತಿ ಬಳಸುವ ಸೆಸ್ನಾ 172 ಸಾವಿರ ಅಡಿ ಎತ್ತರದಲ್ಲಿದ್ದರೆ ಸುಮಾರು ಎರಡೂವರೆ ಕಿಲೋಮೀಟರ್ ತೇಲಿಕೊಂಡು ಹೋಗಬಲ್ಲದು. ಕೈಲಿರುವ ಸಮಯ ಒಂದು ನಿಮಿಷಕ್ಕಿಂತ ಚೂರು ಜಾಸ್ತಿ.

ಆ ಒಂದು ನಿಮಿಷ ಯೋಚಿಸಿ ನೋಡಿ. ಕಣ್ಣೆದುರಿಗೆ ವಿಮಾನದ ಮೂತಿಯ ಫ್ಯಾನು ಅಲ್ಲಾಡದೆ ನಿಂತಿದೆ. ಇಷ್ಟು ಹೊತ್ತು ಕಿವಿ ತುಂಬಿದ್ದ ಸದ್ದಿಲ್ಲ, ಬರೀ ಗಾಳಿ. ನೆಲ ಹತ್ತಿರ ಬರುತ್ತಿದೆ. ಮೈಯೆಲ್ಲಾ "ಮೇಲಕ್ಕೆ ಎಳಿ, ಮೇಲಕ್ಕೆ ಎಳಿ" ಅನ್ನುತ್ತದೆ. ಎಳೆದರೆ ಕಥೆ ಮುಗಿಯಿತು. ವೇಗ ಸತ್ತು, ರೆಕ್ಕೆ ಹಿಡಿತ ಬಿಟ್ಟು, ಆಗ ನಿಜವಾಗಿ ಬೀಳುತ್ತದೆ. ಅದಕ್ಕೇ ನೆಲ ಕಾಣುತ್ತಿರುವಾಗಲೇ ಮೂತಿಯನ್ನು ಕೆಳಗೆ ಒತ್ತಬೇಕು. ಹಿಂದೆ ಬಿಟ್ಟುಬಂದ ರನ್‌ವೇ ಎಷ್ಟು ಕರೆದರೂ, ಎತ್ತರ ಸಾಲದಿದ್ದರೆ ತಿರುಗಬಾರದು. ತಿರುಗಲು ಹೋಗಿ ಸತ್ತ ಪೈಲಟ್‌ಗಳು ಬಹಳ ಜನ. ಎದುರಿಗೆ ಸಿಕ್ಕ ಹೊಲವೇ ಗತಿ. ಇಷ್ಟೆಲ್ಲಾ ಸರಿಯಾಗಿ ಮಾಡಿ ಜೀವ ಉಳಿಸಿಕೊಂಡವರನ್ನು "ಬೀಳಿಸಿದರು" ಅನ್ನೋದು ಅನ್ಯಾಯ ಅಲ್ವಾ?

ಹಾಗಂತ ಪೈಲಟ್‌ಗೆ ಚಪ್ಪಾಳೆ ಹೊಡೆದು ಸುಮ್ನಾಗಬೇಕು ಅಂತ ನಾನು ಹೇಳುತ್ತಿಲ್ಲ. ಇಂಜಿನ್ ಯಾಕೆ ಕೈಕೊಟ್ಟಿತು ಅಂತ ಕೇಳಲೇಬೇಕು.

ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ನೆನಪಾಗುತ್ತಾರೆ. 2015ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಎರಡನೇ ಮಹಾಯುದ್ಧದ ಕಾಲದ, ರಯಾನ್ ಕಂಪನಿಯ ಹಳೇ ವಿಮಾನದಲ್ಲಿ ಒಬ್ಬರೇ ಹಾರಿದರು. ಸ್ವಲ್ಪ ಹೊತ್ತಿಗೇ ಇಂಜಿನ್ ಶಕ್ತಿ ಹೋಯಿತು. ಮರದ ತುದಿಗೆ ತಾಗಿ, ಪಕ್ಕದ ಗಾಲ್ಫ್ ಮೈದಾನದಲ್ಲಿ ಇಳಿದರು. ಪೆಟ್ಟು ಜೋರಾಗಿಯೇ ಬಿತ್ತು, ಜೀವ ಉಳಿಯಿತು. ಆಗ ಅವರಿಗೆ 72 ವರ್ಷ.

ಅಲ್ಲಿನ ತನಿಖೆಯವರು ಇಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ನೋಡಿದರು. ಹಳೇ ಸ್ಕೂಟರ್ ಓಡಿಸಿದವರಿಗೆ ಮೇನ್ ಜೆಟ್ ಗೊತ್ತಲ್ಲ, ಪೆಟ್ರೋಲನ್ನು ಅಳೆದು ಬಿಡುವ ಪುಟಾಣಿ ಹಿತ್ತಾಳೆ ತುಂಡು? ಅದೇ ಕೆಲಸ ಮಾಡುವ ಜೆಟ್ ಇದರಲ್ಲಿ ತಿರುಪು ಬಿಚ್ಚಿಕೊಂಡು ಜಾಗ ಬಿಟ್ಟಿತ್ತು. ಪೆಟ್ರೋಲ್ ಬೇಕಾಬಿಟ್ಟಿ ನುಗ್ಗಿ ಇಂಜಿನ್ ಸೊರಗಿತ್ತು. ವರ್ಷಗಟ್ಟಲೆ ಓಡಿದ ಮೇಲೆ ಆ ಜೆಟ್ಟನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಸೂಚನೆಯೇ ಇರಲಿಲ್ಲ ಅಂತಲೂ ವರದಿಯಲ್ಲಿ ಬರೆದರು. ಐದು ತಿಂಗಳಲ್ಲಿ ಇದೆಲ್ಲಾ ಯಾರು ಬೇಕಾದರೂ ಓದುವ ಹಾಗೆ ಹೊರಗೆ ಬಂತು.

ನಮ್ಮ ಚಾನೆಲ್‌ಗಳಿಂದ ನಾನು ಕೇಳೋದು ಇಷ್ಟೇ. ಹೊಲಕ್ಕೆ ಕ್ಯಾಮೆರಾ ತಗೊಂಡು ಓಡಿದ ಹಾಗೇ, ವರದಿ ಬಂದ ದಿನವೂ ಬನ್ನಿ. ಯಾವ ಭಾಗ ಸಡಿಲವಾಗಿತ್ತು, ಕೊನೇ ಸಲ ಅದನ್ನು ಮುಟ್ಟಿ ನೋಡಿದ್ದು ಯಾವಾಗ, ಕನ್ನಡದಲ್ಲಿ ಹೇಳಿ. ಆ ಹೊಲದ ರೈತನಿಗೂ ಅರ್ಥವಾಗುವ ಹಾಗೆ.